ಕಾಫಿ ಬಣ್ಣದ ಸುಳ್ಳು

ಗೋವರ್ಧನ ಸೋಸಿದ ಬಟ್ಟೆಯನ್ನು ಹಿಂಡಿ ಹಿತ್ತಿಲ ತಂತಿಯ ಮೇಲೆ ಒಣಹಾಕಿದ. ಅವನು ಮಾಡಿದ ತಪ್ಪು ಅಷ್ಟೇ. ಅದು 1998ರ ಮಾರ್ಚ್ ಹದಿನೈದು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ.

ಬೇರೆ ಯಾವ ಊರಿನ ಯಾವ ಬೀದಿಯಲ್ಲಾದರೂ ತಂತಿಯ ಮೇಲಿನ ಒಂದು ಮೊಳ ಕಂದು ಬಟ್ಟೆಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಇದು ಮೊಳಕಾಲ್ಮೂರಿನ ನೇಕಾರರ ಬೀದಿ. ಹದಿನಾಲ್ಕು ಮನೆಗಳಲ್ಲಿ ಹನ್ನೊಂದರಲ್ಲಿ ಮಗ್ಗ. ಇಲ್ಲಿಯವರು ಎದುರಿಗೆ ಬಂದ ಮನುಷ್ಯನ ಮುಖಕ್ಕಿಂತ ಮೊದಲು ಅವನ ಅಂಗಿ ನೋಡುತ್ತಾರೆ. ಆ ಬಣ್ಣ ಎಷ್ಟನೇ ಒಗೆತಕ್ಕೆ ಬಿಡುತ್ತದೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಆಮೇಲೆ ನಮಸ್ಕಾರ ಹೇಳುತ್ತಾರೆ.

ಗೋವರ್ಧನ ಸೋಸಿದ್ದು ಕಾಫಿ ಬೆರೆಸಿದ ಸಿಹಿ ಮದ್ಯ. ಮುಕ್ಕಾಲು ಲೀಟರ್ ರಮ್ಮು, ಹುರಿದು ಜಜ್ಜಿದ ಕಾಫಿ ಬೀಜ ನೂರು ಗ್ರಾಂ, ಗಟ್ಟಿ ಡಿಕಾಕ್ಷನ್ನಿನಲ್ಲಿ ಕರಗಿಸಿದ ಸಕ್ಕರೆ, ನಾಲ್ಕು ಹನಿ ವೆನಿಲ್ಲಾ. ಉಪ್ಪಿನಕಾಯಿ ಜಾಡಿಯಲ್ಲಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿ, ಮಂಚದ ಕೆಳಗಿನ ಕತ್ತಲಲ್ಲಿ ಇಪ್ಪತ್ತೊಂದು ದಿನ ಇಟ್ಟಿದ್ದ. ದಿನಕ್ಕೊಮ್ಮೆ, ಡ್ಯೂಟಿಗೆ ಹೋಗುವ ಮುಂಚೆ, ಎಳೆಮಗುವನ್ನು ಎತ್ತಿದಂತೆ ಎತ್ತಿ ಕುಲುಕಿದ್ದ. ರಮ್ಮು ತರಲು ಬಳ್ಳಾರಿಗೆ ಹೋಗಿದ್ದ. ಮೊಳಕಾಲ್ಮೂರಿನಲ್ಲೇ ಕೊಂಡಿದ್ದರೆ ಬಾಟಲಿಗಿಂತ ಮುಂಚೆ ಸುದ್ದಿ ಮನೆ ತಲುಪುತ್ತಿತ್ತು. ಕಾಫಿ ಬೀಜಕ್ಕೆ ಚಿತ್ರದುರ್ಗಕ್ಕೆ ಹೋಗಿದ್ದ. ಮಾಡುವ ವಿಧಾನ ಮಾತ್ರ ಊರಿನಲ್ಲೇ ಸಿಕ್ಕಿತ್ತು. ಬೇಕರಿಯವನು ಬನ್ನು ಸುತ್ತಿ ಕೊಟ್ಟ ಹಳೆಯ ವಾರಪತ್ರಿಕೆಯ ಹಾಳೆಯಲ್ಲಿ.

ಅವನು ಕುಡುಕನಲ್ಲ. ನಲವತ್ತೇಳು ವರ್ಷದಲ್ಲಿ ಅವನು ಕುಡಿದದ್ದನ್ನೆಲ್ಲ ಸೇರಿಸಿದರೆ ಒಂದು ತಂಬಿಗೆ ತುಂಬುತ್ತಿರಲಿಲ್ಲ. ಇದನ್ನು ಮಾಡಿದ್ದು ಚಳ್ಳಕೆರೆಗಾಗಿ.

ಚಳ್ಳಕೆರೆ ಎಂದರೆ ಇಲ್ಲಿ ಊರಲ್ಲ, ಮನುಷ್ಯ. ಗೋವರ್ಧನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಬೇರೆ ಊರಿನ ಕರೆಗಳನ್ನು ಕೈಯಿಂದ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಕುಳಿತವರು ಒಬ್ಬರನ್ನೊಬ್ಬರು ಹೆಸರಿನಿಂದ ಕರೆಯುವುದಿಲ್ಲ, ಊರಿನಿಂದ ಕರೆಯುತ್ತಾರೆ. 'ಹಲೋ ಚಳ್ಳಕೆರೆ' ಎಂದು ಇವನು, 'ಹೇಳಿ ಮೊಳಕಾಲ್ಮೂರು' ಎಂದು ಆತ. ಹೀಗೆ ಹನ್ನೊಂದು ವರ್ಷ. 1987ರಲ್ಲಿ ಮೊದಲ ದಿನ ಆತ ತನ್ನ ಹೆಸರು ಹೇಳಿದ್ದುಂಟು. ಲೈನಿನ ಗರಗರದಲ್ಲಿ ಮೊದಲಿನ 'ಜ', ಕೊನೆಯ 'ಅಪ್ಪ' ಮಾತ್ರ ಇವನಿಗೆ ಕೇಳಿಸಿತು. ಈ ಸೀಮೆಯಲ್ಲಿ 'ಜ'ದಿಂದ ಹೊರಟು 'ಅಪ್ಪ'ಕ್ಕೆ ಮುಟ್ಟುವವರು ಹೋಬಳಿಗೆ ನೂರು ಜನ. ಮರುದಿನ ಕೇಳಲು ಸಂಕೋಚವಾಯಿತು. ಹನ್ನೊಂದು ವರ್ಷವಾದ ಮೇಲೆ 'ತಮ್ಮ ಹೆಸರೇನು' ಎಂದು ಯಾವ ಮುಖದಿಂದ ಕೇಳುವುದು?

ಇಬ್ಬರೂ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ನಡುವೆ ಇರುವುದು ಒಂದೂವರೆ ಗಂಟೆಯ ಬಸ್ಸಿನ ದಾರಿ, ಆದರೆ ಇವನಿಗೆ ರಜೆ ಇದ್ದಾಗ ಆತನಿಗೆ ಡ್ಯೂಟಿ. ಗೋವರ್ಧನನ ಹೆಂಡತಿ ತೀರಿಕೊಂಡಾಗ ಮೂರು ದಿನ ಬಿಟ್ಟೂ ಬಿಡದೆ ಮಾತಾಡಿಸಿದ್ದು ಆ ಧ್ವನಿ. ಆಮೇಲೆ ಅವನು ಹಳೇ ಮನೆ ಬಿಟ್ಟು ಈ ಬೀದಿಗೆ ಬಂದ. ಆರು ವರ್ಷದಲ್ಲಿ ಈ ಮನೆಯ ಹೊಸ್ತಿಲು ದಾಟಿ ಒಳಗೆ ಬಂದವರು ಇಬ್ಬರೇ: ಮೀಟರು ಓದುವವನು, ಮತದಾರರ ಪಟ್ಟಿಗೋ ಮತ್ತೇತಕ್ಕೋ ಬಂದ ಒಬ್ಬ ಮೇಷ್ಟ್ರು. ಎರಡು ವರ್ಷದ ಹಿಂದೆ ಎಕ್ಸ್‌ಚೇಂಜಿಗೆ ತಾನೇ ನಂಬರು ಕೂಡಿಸುವ ಯಂತ್ರ ಬಂದು, ಗೋವರ್ಧನನ ಬೋರ್ಡು ತೆಗೆದು, ಅವನ ಕೈಗೆ ಕಂಪ್ಲೇಂಟು ಪುಸ್ತಕ ಕೊಟ್ಟು ಮೂಲೆಯಲ್ಲಿ ಕೂರಿಸಿದ ಮೇಲೆ ಅವನೊಡನೆ ದಿನವೂ ಮಾತಾಡುವ ಮನುಷ್ಯ ಚಳ್ಳಕೆರೆ ಒಬ್ಬನೇ.

ಈಗ ಚಳ್ಳಕೆರೆಯ ಬೋರ್ಡನ್ನೂ ತೆಗೆಯುತ್ತಿದ್ದರು. ಆತನಿಗೆ ಬೀದರಿಗೆ ವರ್ಗ.

"ಭಾನುವಾರ ಬೆಳಿಗ್ಗೆ ನಿಮ್ಮೂರಿಗೆ ಬರ್ತೀನಿ ಮೊಳಕಾಲ್ಮೂರು," ಎಂದಿದ್ದ. "ಹನ್ನೊಂದೂವರೆ ಬಸ್ಸು. ಸಂಜೆ ಐದಕ್ಕೆ ಇಲ್ಲಿ ನನ್ನ ಕೊನೇ ಡ್ಯೂಟಿ, ಏಳಕ್ಕೆ ಬೀದರ್ ಬಸ್ಸು. ಅವತ್ತು ಆಗ್ಲಿಲ್ಲ ಅಂದ್ರೆ ಇನ್ನು ಆಗಲ್ಲ ಬಿಡ್ರಿ."

ಏಳು ವರ್ಷದ ಹಿಂದೆ ಚಳ್ಳಕೆರೆಯ ಭಾವಮೈದ ಮಿಲಿಟರಿಯಿಂದ ಬರುವಾಗ ಒಂದು ಪುಟ್ಟ ಬಾಟಲಿ ತಂದಿದ್ದನಂತೆ. ಆತನಿಗೆ ಸಿಕ್ಕಿದ್ದು ಒಂದು ಮುಚ್ಚಳ. "ಕಾಫಿ ಅಂದ್ರೆ ಕಾಫಿ ಅಲ್ಲ, ಸಾರಾಯಿ ಅಂದ್ರೆ ಸಾರಾಯಿ ಅಲ್ಲ. ನಾಲಿಗೆ ಮ್ಯಾಲೆ ಇನ್ನೂ ಕುಂತೈತೆ ಕಣ್ರಿ. ಸಾಯೋದ್ರೊಳಗೆ ಒಂದ್ ಲೋಟ ಕುಡೀಬೇಕು," ಎಂದು ವರ್ಷಕ್ಕೆ ಎರಡು ಬಾರಿಯಾದರೂ ಹೇಳುತ್ತಿದ್ದ. ಇಷ್ಟೇ ವಿಷಯ. ಆ ಲೋಟಕ್ಕಾಗಿ ಬಳ್ಳಾರಿ, ಚಿತ್ರದುರ್ಗ, ಇಪ್ಪತ್ತೊಂದು ದಿನ.

"ಏನ್ ಸಾರ್ ಅದು ಬಣ್ಣ?"

ಗೋಡೆಯ ಆಚೆಯಿಂದ ಒಂದು ತಲೆ ಮೇಲೆದ್ದಿತು. ಪಕ್ಕದ ಮನೆಯ ಓಬಳಮ್ಮ. ಆಕೆಯ ಕಣ್ಣು ಗೋವರ್ಧನನ ಮೇಲಿರಲಿಲ್ಲ, ಬಟ್ಟೆಯ ಮೇಲಿತ್ತು.

ನಿಜ ಹೇಳಬಹುದಿತ್ತು. ಆದರೆ ಎಡಗಡೆ ಗೋಡೆಯ ಆಚೆ, ಅವನ ಬಾಡಿಗೆ ಮನೆಯ ಮಾಲೀಕ ಮುರುಗೇಂದ್ರಪ್ಪನವರು ಬೇವಿನ ಕಡ್ಡಿ ಜಗಿಯುತ್ತ ನಿಂತಿದ್ದರು. ಆರು ವರ್ಷದ ಹಿಂದೆ ಬೀಗದ ಕೈ ಕೊಡುವಾಗ ಅವರು ಎರಡೇ ಷರತ್ತು ಹಾಕಿದ್ದರು: ಮನೆಯೊಳಗೆ ಮಾಂಸ ಬೇಯಬಾರದು, ಮದ್ಯ ಬರಬಾರದು. ಅವರ ಜಗಿತ ನಿಂತಿತು. ಕಿವಿ ಇತ್ತ ತಿರುಗಿತು.

"ಬಣ್ಣ," ಎಂದ ಗೋವರ್ಧನ.

"ಬಣ್ಣ ಅಂತ ಕಾಣ್ತಾ ಐತಲ್ಲ. ಯಾವ ಬಣ್ಣ ಅಂತ ಕೇಳ್ದೆ."

"ಕಾಫಿ... ಕಾಫಿ ಕಲರ್. ನಾನೇ ಮಾಡಿದ್ದು. ಸುಮ್ನೆ, ಹವ್ಯಾಸಕ್ಕೆ."

ಕರ್ನಾಟಕದ ಬೇರೆ ಯಾವ ಬೀದಿಯಲ್ಲಾದರೂ ಈ ಸುಳ್ಳು ಸಂಜೆವರೆಗೆ ಬಾಳುತ್ತಿತ್ತು. ಇಲ್ಲಿ ಮಾತ್ರ ಮೀನು ಮಾರುವವರ ಬೀದಿಯಲ್ಲಿ ನಿಂತು, ಬುಟ್ಟಿಯೊಳಗಿರುವುದು ಮೀನು ಎಂದು ಸುಳ್ಳು ಹೇಳಿದ ಹಾಗಾಯಿತು. ಓಬಳಮ್ಮ ಗೋಡೆಯ ಮೇಲಿಂದಲೇ ಹಿಂದಕ್ಕೆ ತಿರುಗಿ ಟೆಲಿಫೋನ್ ಸಾರ್ ಬಣ್ಣ ಮಾಡಿದ್ದಾರೆ, ಬಂದು ನೋಡು ಎಂದು ತನ್ನ ಗಂಡನಿಗೆ ತೆಲುಗಿನಲ್ಲಿ ಕೂಗಿದಳು:

"ಏಮಯ್ಯೋ! ಇಟ್ಲಾ ರಾ! ಟೆಲಿಫೋನ್ ಸಾರ್ ರಂಗು ಚೇಸಿನಾಡು, ಚೂಡು!"

ಅವಳ ಗಂಡ ಚಿತ್ತಯ್ಯ ಮಗ್ಗದ ಗುಂಡಿಯಿಂದ ಎದ್ದು ಬಂದವನು ಗೋಡೆ ಸುತ್ತಿಕೊಂಡು ಬರುವಷ್ಟೂ ತಾಳ್ಮೆಯಿಲ್ಲದೆ ಹಾರಿದ. ಗೋವರ್ಧನನ ಕಡೆ ತಲೆಯಾಡಿಸಿ ನೇರ ಬಟ್ಟೆಗೆ ಕೈ ಹಾಕಿದ. ಹೆಬ್ಬೆರಳಿಗೆ ಉಗುಳು ಹಚ್ಚಿ ತಿಕ್ಕಿದ. ತನ್ನ ಬಿಳಿ ಬನಿಯನ್ನಿಗೆ ಒರೆಸಿ ನೋಡಿದ. ಬಿಸಿಲಿಗೆ ಹಿಡಿದ. ಕೊನೆಗೆ ಮೂಗಿಗೆ ಹಿಡಿದು ಕಣ್ಣು ಮುಚ್ಚಿದ.

"ಘಾಟು ಜೋರೈತೆ. ಏನ್ ಹಾಕಿದೀರಿ?"

"ಸ್ಪಿರಿಟ್," ಎಂದ ಗೋವರ್ಧನ. "ಬಣ್ಣ ಹಿಡಿಯೋಕೆ."

"ಅದಕ್ಕೇ ನೋಡು ಆಸ್ಪತ್ರೆ ವಾಸನೆ ಬರ್ತಾ ಇರೋದು," ಎಂದರು ಎಡಗಡೆಯಿಂದ ಮುರುಗೇಂದ್ರಪ್ಪ, ಮತ್ತೆ ಜಗಿಯುತ್ತ. ಗೋವರ್ಧನನಿಗೆ ಉಸಿರು ಬಂತು.

"ಕೈ ಅಂಟಂಟು ಆಗ್ತೈತಲ್ಲ ಸಾರ್?"

"ಸಕ್ಕರೆ."

"ಬಣ್ಣಕ್ಕೆ ಸಕ್ಕರೆನಾ?"

"ಹೊಳಪಿಗೆ."

ಚಿತ್ತಯ್ಯ ಗೋವರ್ಧನನನ್ನು ಆರು ವರ್ಷದಲ್ಲಿ ಮೊದಲ ಬಾರಿಗೆ ಕಣ್ಣಿಟ್ಟು ನೋಡಿದ. ಮೂವತ್ತು ವರ್ಷ ಮಗ್ಗದಲ್ಲಿ ಕೂತ ನನಗೆ ಇದು ಹೊಳೆಯಲಿಲ್ಲವಲ್ಲ ಎಂಬ ಭಾವ ಅವನ ಮುಖದಲ್ಲಿತ್ತು. "ನಮ್ಮ ಸಾವ್ಕಾರ್ರು ಈ ಕಲರ್ರಿಗೆ ಸಾಯ್ತಾವ್ರೆ ಸಾರ್. ನಮ್ಮ ಬಣ್ಣದೋರು ಹಾಕಿದ್ರೆ ಒಂದ್ಸಲ ಬೆಲ್ಲ ಆಗ್ತೈತೆ, ಒಂದ್ಸಲ ಹುಣಸೆಹಣ್ಣು ಆಗ್ತೈತೆ, ಕಾಫಿ ಮಾತ್ರ ಆಗಲ್ಲ. ಒಂದ್ ತಂಬಿಗೆ ಕೊಡ್ರಿ. ಒಂದ್ ಲಡಿ ರೇಷ್ಮೆ ನೂಲು ಅದ್ದಿ ನೋಡ್ತೀನಿ."

ಕೊಡುವುದಿಲ್ಲ ಎನ್ನಲು ಕಾರಣ ಬೇಕು. ಬಣ್ಣ ಮಾಡಿಟ್ಟುಕೊಂಡು ನೇಕಾರನಿಗೆ ಕೊಡದಿರಲು ಈ ಭೂಮಿಯ ಮೇಲೆ ಯಾವ ಕಾರಣವೂ ಇಲ್ಲ. ಜಾಡಿಯಲ್ಲಿ ಒಂದು ಲೀಟರಿನ ಮೇಲೆ ಐವತ್ತು ಮಿಲಿ ಇತ್ತು. ಚಿತ್ತಯ್ಯನ ತಂಬಿಗೆಗೆ ಮುನ್ನೂರು ಹೋಯಿತು. ಚಿತ್ತಯ್ಯ ಅದನ್ನು ತೀರ್ಥದಂತೆ ಎರಡೂ ಕೈಯಲ್ಲಿ ಹಿಡಿದು, "ಸಾವ್ಕಾರ್ರಿಗೆ ಫೋನ್ ಮಾಡಿ ಬರ್ತೀನಿ," ಎಂದು ಎಸ್‌ಟಿಡಿ ಬೂತಿನ ಕಡೆ ಓಡಿದ.

ಎಂಟೂವರೆಗೆ ಬೀದಿಯ ಹೆಂಗಸರು ಬಟ್ಟಲು ಹಿಡಿದು ಬಂದರು. ಒಬ್ಬಳಿಗೆ ಬಣ್ಣ ಹೋದ ರವಿಕೆ, ಇನ್ನೊಬ್ಬಳಿಗೆ ಗಂಡನ ಮಾಸಿದ ಟವೆಲು. ಮೂರನೆಯವಳು ಬಣ್ಣ ಹಾಕಲು ಏನೂ ಇಲ್ಲದಿದ್ದರೂ ಎಲ್ಲರೂ ತೆಗೆದುಕೊಳ್ಳುತ್ತಿದ್ದಾರೆಂದು ಬಂದಿದ್ದಳು. ಬಾಗಿಲಲ್ಲೇ ಕೊಟ್ಟು ಕಳಿಸೋಣವೆಂದರೆ ಅವರು ಕೇಳಲಿಲ್ಲ. ಆರು ವರ್ಷದಿಂದ ನೋಡದ ಮನೆ. ಅಡುಗೆಮನೆ, ಬಚ್ಚಲು, ಮಂಚದ ಕೆಳಗೆ ಎಲ್ಲ ನೋಡಿಯೇ ಬಿಟ್ಟರು.

"ಒಂದೇ ತಟ್ಟೆ ಐತಲ್ಲ ಸಾರ್," ಎಂದಳು ಓಬಳಮ್ಮ.

"ಒಬ್ಬನೇ ಅಲ್ವಾ."

"ಲೋಟ ಎರಡೈತೆ?"

"ಒಂದು ನಿನ್ನೆ ತಂದೆ."

ಓಬಳಮ್ಮ ತನ್ನ ಮನೆಯಿಂದ ಎರಡು ಮುದ್ದೆ, ಒಂದು ಬಟ್ಟಲು ಸಾರು ತಂದು ಮೇಜಿನ ಮೇಲೆ ಮುಚ್ಚಿಟ್ಟಳು. "ನಿಮಗೆ ಇಂಥ ಕಲೆ ಐತೆ ಅಂತ ಗೊತ್ತಿದ್ರೆ ಯಾವಾಗ್ಲೋ ಮಾತಾಡಿಸ್ತಿದ್ವಿ ಸಾರ್. ನಾವು ನಿಮ್ಮನ್ನ ದೊಡ್ಡ ಆಫೀಸರ್ರು, ಮಾತೇ ಆಡಲ್ಲ, ಗತ್ತಿನೋರು ಅಂದ್ಕಂಡಿದ್ವಿ."

ಗೋವರ್ಧನನೂ, ಇವರೇ ಗತ್ತಿನವರೆಂದು ಮಾತಾಡಿಸಿರಲಿಲ್ಲ. ಈಗ ಮನೆ ತುಂಬ ಜನ. ನೆಲದ ಮೇಲೆ ಹೆಜ್ಜೆಯ ಸದ್ದು, ನಗು, ಬಳೆ. ಆ ಸದ್ದು ಅವನಿಗೆ ಹಿತವಾಗಿತ್ತು. ಆದರೆ ಜಾಡಿಯ ಮಟ್ಟ ಬೇಸಿಗೆಯ ಬಾವಿಯಂತೆ ಇಳಿಯುತ್ತಿತ್ತು. ಹತ್ತು ಗಂಟೆಗೆ ಅವನು ಅಳೆದು ನೋಡಿದ: ಐನೂರೈವತ್ತು. ಇಬ್ಬರಿಗೆ ಸಾಕು. ಜಾಡಿಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು, "ಬಣ್ಣ ಮುಗೀತು," ಎಂದು ಸಾರಿದ. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮನೆಯನ್ನು ಓಬಳಮ್ಮನ ಕಾವಲಿಗೆ ಒಪ್ಪಿಸಿ, ಹನ್ನೊಂದೂ ಕಾಲಿಗೆ ಬಸ್‌ಸ್ಟ್ಯಾಂಡಿನಲ್ಲಿದ್ದ.

ಬಸ್ಸು ಬರಲಿಲ್ಲ. ಹನ್ನೊಂದೂವರೆ ಆಯಿತು, ಹನ್ನೊಂದು ನಲವತ್ತಾಯಿತು. ಗೋವರ್ಧನ ಮನಸ್ಸಿನಲ್ಲೇ ಆ ಧ್ವನಿಗೆ ಒಂದು ಮೈ ಹೊಲಿಯುತ್ತಿದ್ದ. ಸಣಕಲು, ಎತ್ತರ, ಕನ್ನಡಕ, ಮಾತಾಡುವಾಗ ತಲೆ ಓರೆ. ಏನೆಂದು ಕರೆಯುವುದು? 'ಬನ್ನಿ ಚಳ್ಳಕೆರೆ' ಎಂದರೆ ಬಸ್ಸಿನವರೆಲ್ಲ ತಿರುಗಿ ನೋಡುತ್ತಾರೆ.

ಹನ್ನೊಂದು ಐವತ್ತಕ್ಕೆ ಚಿತ್ತಯ್ಯ ಓಡಿಬಂದ. ಬೆರಳುಗಳು ಕಾಫಿ ಬಣ್ಣಕ್ಕೆ ತಿರುಗಿದ್ದವು.

"ಇಲ್ಲಿ ಏನ್ ಮಾಡ್ತಾ ಇದೀರಿ ಸಾರ್? ಚಳ್ಳಕೆರೆಯವ್ರು ಬಂದು ನಿಮ್ಮ ಮನೇಲಿ ಕುಂತವ್ರೆ! ನಿಮ್ಮನ್ನೇ ಕೇಳ್ತಾವ್ರೆ!"

"ಬಸ್ಸೇ ಬಂದಿಲ್ಲವಲ್ಲ?"

"ಜೀಪ್ನಾಗೆ ಬಂದ್ರು. ಬರ್ರಿ ಬರ್ರಿ, ಅವ್ರನ್ನ ಕಾಯಿಸಬಾರ್ದು."

ಗೋವರ್ಧನ ಚಪ್ಪಲಿ ಕಿತ್ತುಹೋಗುವಂತೆ ನಡೆದ. ಚಿತ್ತಯ್ಯ ದಾರಿಯಲ್ಲಿ ಲಡಿಯ ವಿಷಯ ಏನೇನೋ ಹೇಳುತ್ತಿದ್ದ, ಒಂದೂ ಕಿವಿಗೆ ಬೀಳಲಿಲ್ಲ. ಮನೆಯ ಮುಂದೆ ನಿಜಕ್ಕೂ ಒಂದು ಜೀಪು. ಒಳಗೆ, ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ, ಕುರ್ಚಿಯ ಎರಡೂ ಕಡೆ ಚೆಲ್ಲುವಂಥ ಒಬ್ಬ ದಪ್ಪ ಮನುಷ್ಯ.

"ಚಳ್ಳಕೆರೆ!" ಎಂದ ಗೋವರ್ಧನ.

"ಹೂಂ ಕಣ್ರಿ, ಚಳ್ಳಕೆರೆ," ಎಂದ ಆತ.

ಧ್ವನಿ ಬೇರೆ ಇತ್ತು, ಎಣ್ಣೆ ಗಾಣದಂತೆ ಭಾರ. ತಂತಿಯಲ್ಲಿ ಬಂದಾಗ ಸಣ್ಣಗಾಗುತ್ತಿತ್ತೇನೋ; ಐವತ್ತು ಕಿಲೋಮೀಟರ್ ಸವೆದು ಬರುವ ಧ್ವನಿಯಲ್ಲವೇ ಎಂದುಕೊಂಡ, ಇಪ್ಪತ್ತು ವರ್ಷ ಅನುಭವದ ಆಪರೇಟರು. ಗೋವರ್ಧನ ಆತನ ಎರಡೂ ಕೈ ಹಿಡಿದುಕೊಂಡ. ಮಾಲೀಕರ ಮೂಗಿಗೆ ಹೆದರಿ ಬಾಗಿಲು ಹಾಕಿದ. ಹೊರಗೆ ಓಬಳಮ್ಮ ಜಗುಲಿಯ ಮೇಲೆ ರಾಗಿಯ ಮೊರ ಇಟ್ಟುಕೊಂಡು ಕುಳಿತು, ಯಾರನ್ನೂ ಒಳಗೆ ಬಿಡೆನೆಂದು ತಾನಾಗಿ ಕಾವಲು ವಹಿಸಿಕೊಂಡಳು.

"ನೀವು ಹಿಂಗಿರ್ತೀರಿ ಅಂತ ಅಂದ್ಕಂಡಿರಲಿಲ್ಲ," ಎಂದ ಗೋವರ್ಧನ.

"ಕುಂತ್ಕಂಡೇ ಮಾಡೋ ಕೆಲಸ ಅಲ್ವೇನ್ರಿ, ಮೈ ಬಂದೇ ಬರ್ತೈತೆ."

"ನಿಜ, ನಿಜ. ನನಗೂ ಸೊಂಟ ಹೋಯ್ತು." ಗೋವರ್ಧನ ಜಾಡಿ ತೆಗೆದ. "ಎಷ್ಟು ವರ್ಷದಿಂದ ಆಸೆ ಪಟ್ಟಿದ್ರಿ ಈ ಕಾಫಿಗೆ!"

"ಮೂರು ವರ್ಷ ಆತು ನೋಡ್ರಿ. ಯಾರಿಂದ್ಲೂ ಆಗ್ಲಿಲ್ಲ."

"ಏಳು."

"ಇರಬೋದು. ಎಷ್ಟ್ ದಿನ ನೆನೆಹಾಕಿದ್ದು?"

"ಇಪ್ಪತ್ತೊಂದು. ದಿನಾ ಕುಲುಕಿ."

"ಬಿಸಿ ತೋರಿಸಿಲ್ವಾ?"

"ಇಲ್ಲ, ಕತ್ತಲೇಲೇ ಇಟ್ಟಿದ್ದೆ. ಯಾರಿಗೋಸ್ಕರ ಹೇಳಿ? ನಿಮಗೋಸ್ಕರ."

"ಎಲ್ರೂ ಹಂಗೇ ಅಂತಾರೆ," ಎಂದು ಆತ ನಕ್ಕ. ಗೋವರ್ಧನನೂ ನಕ್ಕ. ಎರಡು ಲೋಟಕ್ಕೆ ಸುರಿದು ಒಂದನ್ನು ಮುಂದೆ ಹಿಡಿದ. ದಪ್ಪ ಮನುಷ್ಯ ಲೋಟವನ್ನೂ ಗೋವರ್ಧನನನ್ನೂ ಬದಲಿಸಿ ಬದಲಿಸಿ ನೋಡಿದ.

"ಕುಡಿದು ತೋರಿಸ್ತೀರಾ? ಬ್ಯಾಡ್ರಿ, ಅಷ್ಟು ನಂಬಿಕೆ ಐತೆ ನನಗೆ."

"ನಾನೊಬ್ನೇ ಹೆಂಗೆ ಕುಡೀಲಿ? ನೀವೂ ತಗಳ್ರಿ," ಎಂದು ಗೋವರ್ಧನ ಒಂದು ಗುಟುಕು ಇಳಿಸಿದ. ಆತ ಹುಳಿ ಮಜ್ಜಿಗೆ ಕುಡಿಯುವ ಮುಖ ಮಾಡಿಕೊಂಡು ಲೋಟ ಎತ್ತಿದ. ಒಂದು ಗುಟುಕು. ಹುಬ್ಬು ಮೇಲೆ ಹೋಯಿತು. ಇನ್ನೊಂದು. ಕಣ್ಣು ಮುಚ್ಚಿತು. ಲೋಟ ಖಾಲಿಯಾದ ಮೇಲೆ ಅದರ ತಳವನ್ನು ಇಣುಕಿ ನೋಡಿ, "ಇದನ್ನ ಸೀರೆಗೆ ಯಾಕ್ರೀ ಹಾಕ್ತೀರಾ?" ಎಂದ.

ಗೋವರ್ಧನ ಹೊಟ್ಟೆ ಹಿಡಿದುಕೊಂಡು ನಕ್ಕ. ಬೆಳಗಿನ ಬಣ್ಣದ ಕತೆಯನ್ನು ಚಿತ್ತಯ್ಯ ಹೇಳಿರಬೇಕು, ಅದಕ್ಕೆ ಈ ತಮಾಷೆ! ಚಳ್ಳಕೆರೆ ಫೋನಿನಲ್ಲಿ ಇಷ್ಟು ತಮಾಷೆಯ ಮನುಷ್ಯ ಆಗಿರಲಿಲ್ಲ. ಎದುರುಬದುರು ಕೂತರೆ ಎಷ್ಟು ಬೇರೆ! ಎರಡನೇ ಲೋಟ ಬಂತು, ಮೂರನೆಯದೂ ಬಂತು. ಓಬಳಮ್ಮನ ಮುದ್ದೆಯನ್ನು ಒಂದೇ ತಟ್ಟೆಯಲ್ಲಿ ಆ ಕಡೆ ಈ ಕಡೆಯಿಂದ ಮುರಿದುಕೊಂಡು ಉಂಡರು. ಬಾಗಿಲನ್ನು ಐದು ನಿಮಿಷಕ್ಕೊಮ್ಮೆ ಯಾರಾದರೂ ಬಡಿಯುತ್ತಿದ್ದರು, ಬಟ್ಟಲಿನವರು, ರವಿಕೆಯವರು. ಓಬಳಮ್ಮ ಹೊರಗೇ ತಡೆಯುತ್ತಿದ್ದಳು: "ಆಮೇಲೆ ಬರ್ರಿ, ಚಳ್ಳಕೆರೆಯವ್ರ ಜತೆ ಮಾತಾಡ್ತಾವ್ರೆ." ಒಳಗೆ ಗೋವರ್ಧನ, ಹನ್ನೊಂದು ವರ್ಷ ಫೋನಿನಲ್ಲಿ ಹೇಳಲಾಗದ್ದನ್ನು ಹೇಳತೊಡಗಿದ್ದ.

"ದಿನಕ್ಕೆ ಮೂರು ಕಂಪ್ಲೇಂಟ್ ಬರ್ತವೆ ಅಂತಿದ್ನಲ್ಲ ಚಳ್ಳಕೆರೆ, ಅದರಲ್ಲಿ ಒಂದು ನಂದೇ."

"ಹೂಂ?"

"ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬೂತಿಗೆ ಹೋಗಿ ನಮ್ಮ ಆಫೀಸಿಗೇ ಫೋನ್ ಮಾಡ್ತೀನಿ. ಲೈನ್ ಸರಿ ಇಲ್ಲ ಅಂತ ಹೇಳ್ತೀನಿ. ಮಾಡ್ದಾಗ ಆ ಕಡೆಯಿಂದ 'ಹಲೋ, ಹೇಳಿ' ಅಂತಾರಲ್ಲ, ಅದಕ್ಕೆ. ಆಮೇಲೆ ವಾಪಸ್ ಬಂದು ಅದನ್ನ ನಾನೇ ಪುಸ್ತಕದಲ್ಲಿ ಬರೀತೀನಿ."

"ಅಯ್ಯೋ ಪಾಪ," ಎಂದ ಆತ.

"ಅವಳು ಇದ್ದಾಗ ಮನೇಲಿ ಎರಡು ಗಂಟಲು ಇತ್ತು. ಈಗ ಒಂದ್ಸಲ ಕೆಮ್ಮಿದರೂ ಗೋಡೆಗೆ ತಾಗಿ ವಾಪಸ್ ಬರ್ತೈತೆ. ಭಾನುವಾರ ಒಂದೂ ಮಾತು ಆಡದೇ ಹೋದ ದಿನ ಐತೆ ಚಳ್ಳಕೆರೆ. ಸೋಮವಾರ ಬೆಳಿಗ್ಗೆ ಧ್ವನಿ ಎದ್ದೇಳಲ್ಲ, ನೀವು 'ನೆಗಡಿನಾ' ಅಂತ ಕೇಳ್ತಿದ್ರಲ್ಲ, ಅದು ನೆಗಡಿ ಅಲ್ಲ."

ದಪ್ಪ ಮನುಷ್ಯನ ಕಣ್ಣಲ್ಲಿ ನೀರು ಬಂತು. ರಮ್ಮಿನದೋ ದುಃಖದ್ದೋ ಹೇಳುವುದು ಕಷ್ಟ. "ಬಿಡ್ರಿ, ಬಿಡ್ರಿ," ಎಂದು ಗೋವರ್ಧನನ ಬೆನ್ನು ತಟ್ಟಿದ. "ನಾನು ಬರ್ತಾ ಇರ್ತೀನಿ."

"ಬೀದರಿಂದನಾ?"

"ಎಲ್ಲಿಂದಾದ್ರೂ."

ಎರಡೂವರೆಗೆ ಆತ ಗಡಿಯಾರ ನೋಡಿ ಎದ್ದ. ಜಾಡಿಯ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಗೋವರ್ಧನ ಅದನ್ನು ಬಾಟಲಿಗೆ ಬಗ್ಗಿಸಿ ಕೊಟ್ಟ. ನಿಮಗೆಂದೇ ಮಾಡಿದ್ದು, ನೀವೇ ಇಟ್ಟುಕೊಳ್ಳಿ ಎಂದ. ಬಾಗಿಲು ತೆರೆದಾಗ ಹೊರಗೆ ಚಿತ್ತಯ್ಯ ಒದ್ದೆ ಲಡಿಯನ್ನು ಎರಡು ಬೆರಳಲ್ಲಿ, ಸತ್ತ ಹಾವನ್ನು ಹಿಡಿದಂತೆ ಹಿಡಿದು ನಿಂತಿದ್ದ. ಬಣ್ಣವೆಲ್ಲ ನೀರಿಗೆ ಬಿಟ್ಟು ರೇಷ್ಮೆ ಮತ್ತೆ ಬೆಳ್ಳಗಾಗಿತ್ತು. ಲಡಿಯ ತುಂಬ ಇರುವೆ.

"ಬಣ್ಣ ನಿಲ್ಲಲಿಲ್ಲ ಪಾಲಣ್ಣೋರೆ," ಎಂದ ಚಿತ್ತಯ್ಯ, ಅಳುವ ಧ್ವನಿಯಲ್ಲಿ. "ನಿಮ್ಮನ್ನ ಅಂಗಡಿ ಬಿಟ್ಟು ಸುಮ್ನೆ ಕರೆಸಿದಂಗಾತು."

"ಯಾವ ಅಂಗಡಿ?" ಎಂದ ಗೋವರ್ಧನ.

"ಇದೇನ್ ಸಾರ್ ಹಿಂಗಂತೀರಿ? ಇವ್ರೇ ಅಲ್ವಾ ನಮ್ಮ ಸಾವ್ಕಾರ್ರು. ಚಳ್ಳಕೆರೇಲಿ ಬಟ್ಟೆ ಅಂಗಡಿ. ಬೆಳಿಗ್ಗೆ ಫೋನ್ ಮಾಡ್ದೆ ಅಂತ ಹೇಳಿದ್ನಲ್ಲ!"

ಪಾಲಣ್ಣ ಲಡಿಯನ್ನು ನೋಡಲೇ ಇಲ್ಲ. "ಬಣ್ಣ ಹೋದ್ರೆ ಹೋಗ್ಲಿ ಬಿಡಲೇ ಚಿತ್ತಯ್ಯ. ಸಾರ್ ಬಾಳ ಒಳ್ಳೇ ಮನುಷ್ಯರು," ಎಂದು ಬಾಟಲಿಯನ್ನು ಎದೆಗೆ ಅವುಚಿಕೊಂಡು ಜೀಪು ಹತ್ತಿದ. ಡ್ರೈವರು ಎಳೆದು ಹತ್ತಿಸಬೇಕಾಯಿತು.

ಗೋವರ್ಧನ ಬಸ್‌ಸ್ಟ್ಯಾಂಡಿಗೆ ಓಡಿದ. ಹನ್ನೊಂದೂವರೆಯ ಬಸ್ಸು ಹನ್ನೆರಡು ಹತ್ತಕ್ಕೆ ಬಂತು ಎಂದರು. ಕನ್ನಡಕದವರು ಇಳಿದರಾ, ಸಣಕಲು ಆಸಾಮಿ ಇಳಿದರಾ ಎಂದು ಕಡಲೆಕಾಯಿ ಮಾರುವವಳನ್ನೂ ಕೇಳಿದ. ಇಳಿದವರು ನಲವತ್ತು ಜನ. ಅದರಲ್ಲಿ ಅರ್ಧ ಜನ ಸಣಕಲು.

ನಾಲ್ಕು ಗಂಟೆಗೆ ಮರಳಿ ಬಂದಾಗ ಮುರುಗೇಂದ್ರಪ್ಪನವರು ಜಗುಲಿಯ ಮೇಲಿದ್ದರು.

"ನೋಡಪ್ಪಾ ಗೋವರ್ಧನ, ನಾನು ಮನೆ ಕೊಟ್ಟಿದ್ದು ವಾಸಕ್ಕೆ. ನೀನು ಬಣ್ಣದ ಕಾರ್ಖಾನೆ ಇಟ್ಟು, ಜೀಪಿನಲ್ಲಿ ವ್ಯಾಪಾರಿಗಳನ್ನ ಕರೆಸ್ಕಂಡು, ಬಾಗಿಲು ಹಾಕ್ಕಂಡು ವ್ಯವಹಾರ ಮಾಡ್ತಾ ಇದ್ದೀಯ. ಈ ಸ್ಪಿರಿಟ್ ನೀರು ಬಚ್ಚಲಿಂದ ನನ್ನ ತೆಂಗಿನ ಬುಡಕ್ಕೆ ಹೋಗ್ತೈತೆ. ತಿಂಗಳ ಕೊನೆಗೆ ಮನೆ ಖಾಲಿ ಮಾಡು."

"ಅದು ಬಣ್ಣ ಅಲ್ಲ, ಸಾರ್," ಎಂದ ಗೋವರ್ಧನ. ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ. "ರಮ್ಮು. ಕುಡಿಯೋದು."

ಮುರುಗೇಂದ್ರಪ್ಪ ಕನಿಕರದಿಂದ ತಲೆಯಾಡಿಸಿದರು. "ಮನೆ ಹೋಗ್ತೈತೆ ಅಂತ ಇಲ್ಲದ ಚಟ ಮೈಮೇಲೆ ಹಾಕ್ಕಬ್ಯಾಡ. ಕುಡಿಯೋರ ಮುಖ ನಂಗೆ ಗೊತ್ತಿಲ್ವಾ? ನನ್ನ ತಮ್ಮನೇ ಕುಡೀತಾನೆ. ಕುಡಿದಿದ್ರೆ ಒಂದ್ಸಲ ಬುದ್ಧಿ ಹೇಳಿ ಬಿಡ್ತಿದ್ದೆ. ಕಾರ್ಖಾನೆ ಆಗಲ್ಲಪ್ಪ."

ಐದೂವರೆ ದಾಟಿ ಹತ್ತು ನಿಮಿಷಕ್ಕೆ ಇಲಾಖೆ ಕೊಟ್ಟಿದ್ದ ಮನೆಯ ಫೋನು ಬಡಿದುಕೊಂಡಿತು.

"ಹಲೋ, ಮೊಳಕಾಲ್ಮೂರು."

ಈ ಧ್ವನಿ ತಪ್ಪಲು ಸಾಧ್ಯವಿರಲಿಲ್ಲ. ಮಧ್ಯಾಹ್ನ ತಾನು ಹೇಗೆ ಮೋಸಹೋದೆನೆಂದು ಗೋವರ್ಧನನಿಗೆ ನಾಚಿಕೆಯಾಯಿತು.

"ಚಳ್ಳಕೆರೆ! ಎಲ್ಲಿ ಹೋದ್ರಿ? ಯಾಕೆ ಬರಲಿಲ್ಲ?"

"ಬಂದಿದ್ದೆ."

"ಎಲ್ಲಿಗೆ?"

"ನಿಮ್ಮ ಮನೇಗೆ. ಟೆಲಿಫೋನ್ ಸಾರ್ ಮನೆ ಅಂದೆ, ತೋರಿಸಿದ್ರು. ಬಾಗ್ಲಾಗೆ ಒಬ್ಬ ಯಮ್ಮ ರಾಗಿ ಹಸನು ಮಾಡ್ತಾ ಕುಂತಿದ್ರು. ಚಳ್ಳಕೆರೆ ಬಂದೈತೆ ಅಂತ ಹೇಳ್ರಮ್ಮ ಅಂದೆ. ಚಳ್ಳಕೆರೆ ಆಗ್ಲೇ ಒಳಗೈತೆ, ನೀವು ಯಾರು ಅಂತ ಕೇಳಿದ್ರು. ನಾನು ಯಾರು ಅಂತ ಹೇಳ್ಲಿ?"

"ನಿಮ್ಮ ಹೆಸರು ಹೇಳಬಾರ್ದಿತ್ತಾ?"

"ಹೇಳಿದ್ರೆ ನಿಮಗೆ ಗೊತ್ತಾಗ್ತಿತ್ತಾ?"

ಗೋವರ್ಧನ ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಿಸಿದ.

"ಬೇಜಾರಿಲ್ಲ ಬಿಡ್ರಿ. ಕಿಟಕೀಲಿ ಒಂದ್ಸಲ ನೋಡ್ದೆ. ಅವ್ರ ಕೈ ಹಿಡ್ಕಂಡು ಚಳ್ಳಕೆರೆ, ಚಳ್ಳಕೆರೆ ಅಂತ ಮಾತಾಡ್ತಿದ್ರಿ. ಬಾಳ ನಗ್ತಿದ್ರಿ. ಫೋನ್ನಾಗೆ ನೀವು ಅಷ್ಟು ನಕ್ಕಿದ್ದು ನಾನು ಕೇಳಿಲ್ಲ. ಯಾಕೆ ನಡುವೆ ಹೋಗೋದು ಅಂತ ಒಂದು ಗಂಟೆ ಬಸ್ಸಿಗೆ ವಾಪಸ್ ಬಂದೆ."

"ಅವ್ರನ್ನ ನೀವು ಅಂದ್ಕಂಡೆ ಕಣ್ರಿ," ಎಂದ ಗೋವರ್ಧನ. "ಅವ್ರು ಯಾರೋ ಬಟ್ಟೆ ಅಂಗಡಿಯವ್ರು. ನೀವೇ ಅಂದ್ಕಂಡು ಎಲ್ಲಾ ಹೇಳಿಬಿಟ್ಟೆ."

ಆ ಕಡೆ ಯಾರೋ ಬೋರ್ಡಿನ ಸ್ಕ್ರೂ ಬಿಚ್ಚುತ್ತಿರುವ ಕಿರಕಿರ ಕೇಳುತ್ತಿತ್ತು.

"ಅವ್ರು ಏನಂದ್ರು?" ಎಂದಿತು ಧ್ವನಿ.

"ಏನೂ ಇಲ್ಲ. ಕೇಳಿಸ್ಕಂಡ್ರು. ಹೂಂ ಅಂದ್ರು."

"ನಾನೂ ಅಷ್ಟೇ ಅಲ್ವಾ ಮಾಡ್ತಿದ್ದಿದ್ದು. ಆ ಕಾಫಿ ಮಾಡ್ತೀನಿ ಅಂದಿದ್ರಲ್ಲ, ಹೆಂಗಾಗಿತ್ತು?"

"ಅವ್ರಿಗೆ ಬಾಳ ಇಷ್ಟ ಆಯ್ತು. ಉಳಿದಿದ್ದನ್ನೂ ತಗಂಡ್ ಹೋದ್ರು."

"ಹಂಗಾರೆ ನಾನು ಬಂದಂಗೇ ಆಯ್ತು ಬಿಡ್ರಿ," ಎಂದಿತು ಚಳ್ಳಕೆರೆ.

ಗೋವರ್ಧನ ಬಾಯಿ ತೆರೆದ. ಬೋರ್ಡಿನ ಲೈನನ್ನು ಆರು ಗಂಟೆಗೆ ಕತ್ತರಿಸಬೇಕೆಂದು ಆದೇಶವಿತ್ತು. ಐದು ಐವತ್ತಮೂರಕ್ಕೇ ಕತ್ತರಿಸಿದರು. ಭಾನುವಾರವಲ್ಲವೇ, ಅವರಿಗೂ ಮನೆಗೆ ಹೋಗುವ ಆತುರ.